ಅವರಿಗೆಂದು ಮಾಡುವ ಕೇಕ್

ಕಳೆದ ತಿಂಗಳು ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತಿದ್ದೆ. ಫೋನ್ ಬಂತು. ‘ಟೀಚರ್, ನಾನು’ ಎಂಬ ಎರಡೇ ಮಾತಿನಲ್ಲಿ ಗುರುತು ಸಿಕ್ಕಿತು. ಹತ್ತನೆಯ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಪ್ರಬಂಧಗಳನ್ನು ಬಹಳ ಚೆನ್ನಾಗಿ ಬರೆಯುತ್ತಿದ್ದ ಹುಡುಗಿ. ಮದುವೆಯಾಗಿ ಎರಡು ವರ್ಷವಾಗುತ್ತಾ ಬಂತು. ಗಂಡ ದುಬೈಯಲ್ಲಿದ್ದಾನೆ.

‘ಟೀಚರ್, ಅವರು ಬರುವ ದಿನ ಗೊತ್ತಾಯ್ತು. ಬಂದು ಎರಡು ದಿನಕ್ಕೆ ನಮ್ಮ ಮದುವೆಯ ದಿನ. ಒಂದು ಕೇಕ್ ಮಾಡ್ಬೇಕು ಅಂತ ಆಸೆ ಉಂಟು. ಮೂರು ಪದರದ್ದು. ಒಳಗೆ ಕೆಂಪು, ಮಧ್ಯೆ ಮಧ್ಯೆ ಕ್ರೀಮು, ಮೇಲೆ ಹಾರ್ಟು. ನೀವು ಮಾಡ್ತೀರಲ್ವಾ, ಸ್ವಲ್ಪ ಹೇಳಿಕೊಡಿ.’

ನಾನು ಪೆನ್ನು ಕೆಳಗಿಟ್ಟು, ‘ಹೇಳಿಕೊಡುವ. ಮೊದಲು ಇದು ಹೇಳು. ಅವನಿಗೆ ಯಾವ ಕೇಕ್ ಇಷ್ಟ?’ ಎಂದು ಕೇಳಿದೆ.

ಅತ್ತ ಕಡೆಯಿಂದ ಉತ್ತರ ಬರಲಿಲ್ಲ. ಫೋನ್ ಕಡಿದು ಹೋಯಿತೇನೋ ಎಂದುಕೊಂಡೆ. ಕೊನೆಗೆ ಮೆಲ್ಲಗೆ ಹೇಳಿದಳು: ‘ಗೊತ್ತಿಲ್ಲ ಟೀಚರ್. ಮದುವೆಯಾದ ಮೇಲೆ ನಲವತ್ತು ದಿನ ಇದ್ದರು. ಮತ್ತೆ ರಜೆಯಲ್ಲಿ ಒಂದು ತಿಂಗಳು. ಆ ಒಂದು ತಿಂಗಳಲ್ಲಿ ಇಪ್ಪತ್ತು ದಿನ ನಾವು ನೆಂಟರ ಮನೆಗಳಲ್ಲೇ ಊಟ ಮಾಡಿದ್ದು.’

ನನ್ನ ಕರಾವಳಿಯ ಸಹೋದರಿಯರಿಗೆ ಈ ಲೆಕ್ಕವನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ದಾಂಪತ್ಯವನ್ನು ವರ್ಷಗಳಲ್ಲಿ ಎಣಿಸಿದರೆ ದೊಡ್ಡದು, ದಿನಗಳಲ್ಲಿ ಎಣಿಸಿದರೆ ಸಣ್ಣದು. ಆ ಹುಡುಗಿಗೆ ಅಳತೆಗಳನ್ನು ಅಂದೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ‘ಮೊದಲು ಅವನನ್ನೇ ಕೇಳು. ನಂತರ ನನಗೆ ಫೋನ್ ಮಾಡು’ ಎಂದೆ. ನಾನು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಅದನ್ನೇ ಈ ತಿಂಗಳು ಬರೆಯುತ್ತಿದ್ದೇನೆ. ಕೇಕ್ ಮಾಡುವ ಕ್ರಮವನ್ನೂ ಕೊಡುತ್ತೇನೆ. ಬರೇ ಉಪದೇಶ ಕೊಟ್ಟು ಕಳಿಸಿದಳು ಎಂದು ನೀವು ಬೈಯಬಾರದಲ್ಲ!

ನಮ್ಮ ಮದುವೆಯಾದದ್ದು 2003ರ ಡಿಸೆಂಬರಿನಲ್ಲಿ. ಮರುವರ್ಷ ದಮ್ಮಾಮಿಗೆ ಹೋದ ನಮ್ಮವರು ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದ್ದು 2021ರಲ್ಲಿ. 2023ಕ್ಕೆ ನಮಗೆ ಇಪ್ಪತ್ತು ವರ್ಷ ತುಂಬಿತು. ಆ ದಿನ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ ಎಂಬುದೇ ನನಗೆ ದೊಡ್ಡ ಸಂಭ್ರಮ. ಯಾರನ್ನೂ ಕರೆಯುವುದಿಲ್ಲ, ಮೇಣದ ಬತ್ತಿ, ಚಪ್ಪಾಳೆ ಏನೂ ಬೇಡ, ಮನೆಯವರಿಗೆ ಮಾತ್ರ ಒಂದು ಒಳ್ಳೆಯ ಕೇಕ್ ಮಾಡುತ್ತೇನೆ ಎಂದು ತೀರ್ಮಾನಿಸಿದೆ.

ಅತ್ತೆಗೆ ಇದು ಸ್ವಲ್ಪ ವಿಚಿತ್ರವಾಗಿ ಕಂಡಿತು. ‘ನಮ್ಮ ಕಾಲದಲ್ಲಿ ಗಂಡನಿಗೆ ಕೇಕ್ ಮಾಡುವುದು ಎಲ್ಲಿತ್ತು?’ ಎಂದರು.

‘ಕೇಕ್ ಇರಲಿಲ್ಲ, ಚಟ್ಟಿಪತ್ತಿರಿ ಇತ್ತಲ್ಲ?’ ಎಂದೆ. ಅತ್ತೆ ನಕ್ಕುಬಿಟ್ಟರು.

ಚಟ್ಟಿಪತ್ತಿರಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಮಲಬಾರಿನ ಕಡೆಯ ತಿಂಡಿ. ಕಾಸರಗೋಡಿನ ನನ್ನ ಅಜ್ಜಿ ಹೊಸ ಅಳಿಯ ಮನೆಗೆ ಬಂದಾಗ ಮಾಡುತ್ತಿದ್ದರು. ಮೈದಾದ ತೆಳ್ಳಗಿನ ಪತ್ತಿರಿಗಳನ್ನು ಮೊದಲೇ ಸುಟ್ಟಿಟ್ಟುಕೊಳ್ಳುವುದು. ಒಂದೊಂದನ್ನೇ ಮೊಟ್ಟೆ ಹಾಲು ಕಲಸಿದ ಮಿಶ್ರಣದಲ್ಲಿ ಅದ್ದಿ ಪಾತ್ರೆಯೊಳಗೆ ಹಾಸುವುದು. ಅದರ ಮೇಲೆ ಮೊಟ್ಟೆ, ಸಕ್ಕರೆ, ಗೇರುಬೀಜ, ಒಣದ್ರಾಕ್ಷಿ, ಏಲಕ್ಕಿ ಹಾಕಿ ಹುರಿದ ಹೂರಣ. ಮತ್ತೆ ಪತ್ತಿರಿ, ಮತ್ತೆ ಹೂರಣ. ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಓವನ್ ಎಂಬ ಹೆಸರು ಕೇಳದ ಅಜ್ಜಿಗೆ ಮೇಲಿನಿಂದಲೂ ಕೆಳಗಿನಿಂದಲೂ ಶಾಖ ಕೊಡಬೇಕೆಂಬುದು ತಿಳಿದಿತ್ತು. ಗೋವಾದವರ ಬಿಬಿಂಕವೂ ಇದೇ ಜಾತಿಯದು. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕಲಸಿ, ಒಂದು ಪದರ ಬೆಂದ ಮೇಲೆಯೇ ಇನ್ನೊಂದನ್ನು ಹೊಯ್ಯುತ್ತಾರೆ. ಪದರ ಪದರವಾಗಿ ಕೂತು ಮಾಡುವ ತಾಳ್ಮೆ ನಮ್ಮ ಕರಾವಳಿಗೆ ಹೊಸದಲ್ಲ.

ಕೇಕ್ ಕೂಡ ನಮ್ಮ ಕರಾವಳಿಗೆ ಬಂದು ಬಹಳ ಕಾಲವಾಯಿತು. ಬರ್ಮಾದಲ್ಲಿ ಬಿಸ್ಕತ್ತಿನ ಕೆಲಸ ಕಲಿತು ಬಂದ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ತಲಶ್ಶೇರಿಯಲ್ಲಿ ಬೇಕರಿ ತೆರೆದರು. 1883ರಲ್ಲಿ ಬ್ರೌನ್ ಎಂಬ ತೋಟದ ಸಾಹೇಬ ಇಂಗ್ಲೆಂಡಿನಿಂದ ತಂದ ಕೇಕನ್ನು ತೋರಿಸಿ, ‘ಇಂಥದ್ದು ಮಾಡಿಕೊಡಿ’ ಎಂದನಂತೆ. ಬಾಪು ರುಚಿ ನೋಡಿ, ಊರಿನ ಕಮ್ಮಾರನಿಂದ ಅಚ್ಚು ಮಾಡಿಸಿ, ಊರಿನಲ್ಲಿ ಸಿಗುವ ಸಾಮಾನುಗಳನ್ನೂ ಸೇರಿಸಿ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟರು. ಭಾರತದ ಮೊದಲ ಕ್ರಿಸ್ಮಸ್ ಕೇಕ್ ಅದೇ ಎಂದು ತಲಶ್ಶೇರಿಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಇರಲಿ, ನನ್ನ ಕೇಕಿಗೆ ಬರುತ್ತೇನೆ.

2023ರ ಆ ಕೇಕಿಗೆ ನಾನು ಬಹಳ ಕಷ್ಟಪಟ್ಟೆ. ನಾಲ್ಕು ಮೊಟ್ಟೆಗಳನ್ನು ಸಿಪ್ಪೆ ಸಮೇತ ತೂಗಿದೆ. 220 ಗ್ರಾಂ ಬಂತು. ಅಷ್ಟೇ ತೂಕದ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಮೈದಾ. ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಪ್ರಸಿದ್ಧವಾದ ಪದರದ ಕೇಕಿನ ಅಳತೆ ಇದು. ನೆನಪಿಡಲು ಬಹಳ ಸುಲಭ. ಮೊದಲ ಸಲ ಅವಸರದಲ್ಲಿ ಹನ್ನೆರಡನೆಯ ನಿಮಿಷಕ್ಕೇ ಓವನಿನ ಬಾಗಿಲು ತೆರೆದು ನೋಡಿದೆ. ಉಬ್ಬಿದ್ದ ಕೇಕ್ ಕಣ್ಣೆದುರೇ ನಡುವಿನಲ್ಲಿ ಕುಸಿಯಿತು. ಅದು ಮಕ್ಕಳ ಪಾಲಾಯಿತು. ಎರಡನೆಯದು ಚೆನ್ನಾಗಿ ಬಂತು. ಪದರಗಳು ಒಣಗಬಾರದೆಂದು 100 ಗ್ರಾಂ ಸಕ್ಕರೆಯ ಪಾಕ ಮಾಡಿ ಎಲ್ಲ ಪದರಗಳಿಗೂ ಚಿಮುಕಿಸಿದೆ. ಒಳಗೂ ಹೊರಗೂ ಚಾಕೊಲೇಟ್ ಸವರಿದೆ.

ರಾತ್ರಿ ಊಟವಾದ ಮೇಲೆ ಮೊದಲ ತುಂಡನ್ನು ನಾನೇ ಅವರ ಬಾಯಿಗಿಟ್ಟೆ. ಹೆಂಡತಿಯ ಬಾಯಿಗೆ ಇಡುವ ತುತ್ತಿಗೂ ಪ್ರತಿಫಲವಿದೆ ಎಂದು ನಾವು ಮದ್ರಸದಲ್ಲಿ ಕಲಿತದ್ದು ನೆನಪಿಸಿ, ‘ಈಗ ನಿಮ್ಮ ಸರದಿ’ ಎಂದೆ. ಅವರೂ ನನಗೆ ತಿನ್ನಿಸಿದರು. ಮಕ್ಕಳು ನಕ್ಕರು. ‘ಹೇಗುಂಟು?’ ಎಂದು ಕೇಳಿದೆ. ‘ಬೇಕರಿಯವರು ಸೋಲಬೇಕು’ ಎಂದರು. ಇನ್ನೊಂದು ತುಂಡು ಹಾಕಿದೆ. ತಿಂದರು. ಮತ್ತೊಂದು ಹಾಕಿದೆ. ಒಂದು ಗಳಿಗೆ ತಟ್ಟೆಯನ್ನು ನೋಡಿದರು, ನಂತರ ನನ್ನ ಮುಖ ನೋಡಿದರು. ಅದನ್ನೂ ತಿಂದರು.

ಮರುದಿನ ಬೆಳಗ್ಗೆ ಬಟ್ಟೆ ಒಗೆಯುವ ಮೊದಲು ಅವರ ಅಂಗಿಯ ಜೇಬು ನೋಡಿದೆ. ಒಂದು ಮಾತ್ರೆಯ ಪಟ್ಟಿ ಸಿಕ್ಕಿತು. ಹತ್ತರಲ್ಲಿ ಆರು ಖಾಲಿ. ಆ ಮಾತ್ರೆಯ ಹೆಸರನ್ನು ನಾನು ಕಣ್ಣು ಮುಚ್ಚಿಯೂ ಓದಬಲ್ಲೆ. ನನ್ನ ಉಪ್ಪನ ತಲೆದಿಂಬಿನ ಪಕ್ಕದಲ್ಲಿ ಹನ್ನೆರಡು ವರ್ಷ ನೋಡಿದ ಹೆಸರು ಅದು. ಸಕ್ಕರೆ ಕಾಯಿಲೆಯ ಮಾತ್ರೆ.

ಕೈಯಲ್ಲಿ ಪಟ್ಟಿ ಹಿಡಿದುಕೊಂಡೇ ಅವರ ಮುಂದೆ ನಿಂತೆ. ಗೊತ್ತಾಗಿ ಐದು ತಿಂಗಳಾಯಿತು ಎಂದರು. ಅಂಗಡಿಯಲ್ಲಿಯೇ ಮಾತ್ರೆ ಇಟ್ಟುಕೊಂಡಿದ್ದರಂತೆ.

‘ನನಗೆ ಯಾಕೆ ಹೇಳಲಿಲ್ಲ?’

‘ನಿನ್ನ ಉಪ್ಪನನ್ನು ನೀನು ನೋಡಿಕೊಂಡದ್ದು ನಾನು ಅಲ್ಲಿಂದ ಫೋನಿನಲ್ಲಿ ಕೇಳ್ತಿದ್ದೆ ಅಲ್ವಾ. ಪುನಃ ಅದೇ ಶುರುವಾಯ್ತು ಅಂತ ನಿನಗೆ ಆಗ್ಬಾರದು ಅಂತ.’

ಉಪ್ಪನ ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಗಿ ಬಂದಿತ್ತು. ಕೊನೆಯ ವರ್ಷ ದಿನವೂ ಗಾಯ ತೊಳೆದು ಕಟ್ಟುತ್ತಿದ್ದವಳು ನಾನು. 2019ರಲ್ಲಿ ಅವರು ತೀರಿಹೋದರು. ನಮ್ಮವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ನನಗೆ ಕೋಪ ತಡೆಯಲಾಗಲಿಲ್ಲ. ನನಗೆ ನೋವಾಗಬಾರದೆಂದು ಅವರು ಮುಚ್ಚಿಟ್ಟರು. ಅವರಿಗೆ ಸಂತೋಷವಾಗಲಿ ಎಂದು ನಾನು ತಿನ್ನಿಸಿದೆ. ನನ್ನ ಮನಸ್ಸು ಮುರಿಯಬಾರದೆಂದು ಅವರು ಮೂರು ತುಂಡು ತಿಂದರು. ಇಷ್ಟು ಪ್ರೀತಿಯ ನಡುವೆ ಪೆಟ್ಟು ಬಿದ್ದದ್ದು ಅವರ ಶರೀರಕ್ಕೆ.

ಆ ದಿನ ಕಾಗದದ ಮೇಲೆ ಲೆಕ್ಕ ಹಾಕಿದೆ. ಕೇಕಿಗೆ 220 ಗ್ರಾಂ ಸಕ್ಕರೆ, ಪಾಕಕ್ಕೆ 100. ಒಟ್ಟು 320 ಗ್ರಾಂ. ಹನ್ನೆರಡು ತುಂಡು ಮಾಡಿದ್ದೆ. ಮೂರು ತುಂಡಿಗೆ 80 ಗ್ರಾಂ. ಚಹಾದ ಚಮಚದಲ್ಲಿ ಅಳೆದರೆ ಹದಿನಾರು ಚಮಚ. ಚಾಕೊಲೇಟಿನೊಳಗಿನ ಸಕ್ಕರೆ ಈ ಲೆಕ್ಕದಲ್ಲಿಲ್ಲ. ಮೈದಾವೂ ಹೊಟ್ಟೆಯೊಳಗೆ ಹೋಗಿ ಸಕ್ಕರೆಯೇ ಆಗುತ್ತದೆ, ಅದೂ ಇಲ್ಲ. ಹದಿನಾರು ಚಮಚ ಸಕ್ಕರೆಯನ್ನು ನಾನು ನನ್ನ ಕೈಯಾರೆ ಅವರಿಗೆ ತಿನ್ನಿಸಿದ್ದೆ.

ಎರಡು ದಿನ ನಮ್ಮ ಮನೆಯಲ್ಲಿ ‘ಊಟಕ್ಕೆ ಬನ್ನಿ’, ‘ಬೀಗದ ಕೈ ಎಲ್ಲಿ’ ಇಷ್ಟೇ ಮಾತು. ಮೂರನೆಯ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಮುಖ ನೋಡಿ ವಿಜ್ಞಾನದ ಟೀಚರ್, ‘ಕೇಕ್ ಸರಿಯಾಗಲಿಲ್ವಾ?’ ಎಂದು ಕೇಳಿದರು. ‘ಕೇಕ್ ಸರಿಯಾಯಿತು’ ಎಂದೆ. ಅವರು ಮಾತು ತೇಲಿಸಲು ಒಂದು ಕಥೆ ಹೇಳಿದರು. ಆಮೇಲೆ ನಾನೂ ಅದನ್ನು ಓದಿ ತಿಳಿದುಕೊಂಡೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಅವನ ಹೆಂಡತಿ ಎಲಿಜಬೆತ್. ಆಕೆಗೆ ಮೊಟ್ಟೆ ಆಗುತ್ತಿರಲಿಲ್ಲ. ಆಕೆಗೆ ಕಸ್ಟರ್ಡ್ ತಿನ್ನುವ ಆಸೆ. ಆ ಕಾಲದ ಕಸ್ಟರ್ಡ್ ಎಂದರೆ ಮೊಟ್ಟೆಯದ್ದೇ. ಬರ್ಡ್ 1837ರಲ್ಲಿ ಜೋಳದ ಹಿಟ್ಟು ಬಳಸಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. ನಾವು ಇಂದು ಫ್ರೂಟ್ ಸಲಾಡಿಗೆ ಹಾಕುವ ಕಸ್ಟರ್ಡ್ ಪುಡಿಯ ಮೂಲ ಅದು. ಎಲಿಜಬೆತ್‌ಗೆ ರೊಟ್ಟಿ ಉಬ್ಬಿಸಲು ಹಾಕುವ ಯೀಸ್ಟ್ ಕೂಡ ಆಗುತ್ತಿರಲಿಲ್ಲ. ಹಾಗಾಗಿ 1843ರಲ್ಲಿ ಬರ್ಡ್ ಯೀಸ್ಟ್ ಇಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರ್ ತಯಾರಿಸಿದ.

ಅದಕ್ಕೆ ಮುಂಚೆ ಕೇಕ್ ಹಗುರವಾಗಬೇಕಾದರೆ ಮೊಟ್ಟೆಯನ್ನು ಕೈ ಸೋಲುವವರೆಗೆ ಕಡೆಯಬೇಕಿತ್ತು, ಇಲ್ಲವೇ ಯೀಸ್ಟ್ ಹಾಕಿ ಗಂಟೆಗಟ್ಟಲೆ ಕಾಯಬೇಕಿತ್ತು. ಬೆಣ್ಣೆ ಹಾಕಿದ ಭಾರದ ಹಿಟ್ಟು ಕೂಡ ಮೆತ್ತಗೆ ಉಬ್ಬಿ, ಒಂದರ ಮೇಲೊಂದು ಪದರವಾಗಿ ಕೂರುವುದು ಮನೆಮನೆಯಲ್ಲಿ ಸುಲಭವಾದದ್ದು ಈ ಪುಡಿ ಬಂದ ಮೇಲೆ. ಇಂದು ಮದುವೆಯ ದಿನಕ್ಕೆಂದು ಜಗತ್ತಿನಲ್ಲಿ ಯಾರೇ ಪದರದ ಕೇಕ್ ಮಾಡಲಿ, ಅದರಲ್ಲಿ ಒಂದು ಚಮಚ ಬೀಳುವುದು ಒಬ್ಬ ಗಂಡ ತನ್ನ ಹೆಂಡತಿಯ ಹೊಟ್ಟೆಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತಲೆ ಕೆಡಿಸಿಕೊಂಡದ್ದರ ಫಲ.

ಈ ಕಥೆ ಕೇಳಿ ನನಗೆ ಮೊದಲು ಹೊಳೆದದ್ದು ಬರ್ಡ್‌ನ ಜಾಣತನವಲ್ಲ. ತನಗೆ ಏನು ಆಗುವುದಿಲ್ಲ ಎಂಬುದನ್ನು ಎಲಿಜಬೆತ್ ಗಂಡನಿಗೆ ಮುಚ್ಚಿಟ್ಟಿರಲಿಲ್ಲ. ‘ಪಾಪ, ಇವರಿಗೇಕೆ ತೊಂದರೆ’ ಎಂದು ಆಕೆ ಸುಮ್ಮನೆ ಕಸ್ಟರ್ಡ್ ತಿಂದು ನರಳಿದ್ದರೆ ಆ ಪುಡಿಯೂ ಇಲ್ಲ, ಈ ಪುಡಿಯೂ ಇಲ್ಲ. ಹೇಳಿಕೊಳ್ಳುವುದು ಒಬ್ಬರ ಪಾಲಿನ ಕೆಲಸ, ಕೇಳಿ ಅದಕ್ಕೆ ತಕ್ಕಂತೆ ಮಾಡುವುದು ಇನ್ನೊಬ್ಬರದು.

ಆ ಸಂಜೆ ಮನೆಗೆ ಬಂದು ಈ ಕಥೆಯನ್ನು ನಮ್ಮವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಾಡಿದ್ದು ಡಾಕ್ಟರ ಹತ್ತಿರ ಹೋಗ್ಲಿಕ್ಕುಂಟು. ನೀನೂ ಬಾ’ ಎಂದರು. ಹೋದೆ. ಕೇಕಿನ ವಿಷಯವನ್ನೂ ನಾಚಿಕೆ ಬಿಟ್ಟು ಕೇಳಿದೆ. ಡಾಕ್ಟರ್ ನಕ್ಕು, ‘ವರ್ಷಕ್ಕೊಮ್ಮೆ ಸಣ್ಣ ತುಂಡು ತಿನ್ನಲಿ, ಆ ಹೊತ್ತಿಗೆ ಅನ್ನ ಕಮ್ಮಿ ಮಾಡಲಿ. ವಾರಕ್ಕೊಮ್ಮೆ ಮದುವೆಯ ದಿನ ಬರಬಾರದು ಅಷ್ಟೇ’ ಎಂದರು. ‘ಬೆಲ್ಲ ಹಾಕಿದರೆ?’ ಎಂದೆ. ಬೆಲ್ಲ, ಜೇನು ಎಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತವೆ, ಬಣ್ಣ ಬೇರೆ ಎಂದು ಮೋಸ ಹೋಗಬೇಡಿ ಎಂದು ತಿಳಿಸಿದರು. ಇದನ್ನು ನಮ್ಮ ಓದುಗ ಸಹೋದರಿಯರು ನೆನಪಿಡಬೇಕು. ಬೆಲ್ಲದ ಪಾಯಸ ತೊಂದರೆಯಿಲ್ಲ ಎಂದು ಎಷ್ಟು ಮನೆಗಳಲ್ಲಿ ಬಡಿಸುತ್ತೇವೆ!

2024ರ ಡಿಸೆಂಬರಿಗೆ ಮಾಡಿದ ಕೇಕ್ ಬೇರೆಯೇ. ಅದಕ್ಕೆ ಮೊದಲು ಸಣ್ಣ ಸಣ್ಣದಾಗಿ ಎರಡು ಸಲ ಮಾಡಿ ನೋಡಿದೆ. ಇದು ಸಕ್ಕರೆ ಕಾಯಿಲೆಯವರು ಬೇಕಾದಷ್ಟು ತಿನ್ನಬಹುದಾದ ಕೇಕ್ ಅಲ್ಲ, ಅಂಥದ್ದು ನನಗೆ ಮಾಡಲು ಬರುವುದೂ ಇಲ್ಲ. ಸಿಹಿ ಕಮ್ಮಿಯಿದ್ದು, ಸಣ್ಣದಾಗಿದ್ದು, ಇಬ್ಬರೂ ಹೆದರದೆ ಒಂದೊಂದು ತುಂಡು ತಿನ್ನಬಹುದಾದ ಕೇಕ್.

ಬೇಕಾಗುವ ಸಾಮಾನು

ಮೊಟ್ಟೆ 3, ಬೆಣ್ಣೆ 120 ಗ್ರಾಂ (ಉಪ್ಪಿಲ್ಲದ್ದು), ಸಕ್ಕರೆ ಪುಡಿ 90 ಗ್ರಾಂ, ಮೈದಾ 100 ಗ್ರಾಂ, ಬಾದಾಮಿ ಪುಡಿ 60 ಗ್ರಾಂ, ಬೇಕಿಂಗ್ ಪೌಡರ್ ಒಂದೂಕಾಲು ಚಹಾ ಚಮಚ, ಏಲಕ್ಕಿ ಪುಡಿ ಅರ್ಧ ಚಮಚ, ಉಪ್ಪು ಒಂದು ಚಿಟಿಕೆ, ಹಾಲು 2 ದೊಡ್ಡ ಚಮಚ.

ನಡುವಿಗೆ: ಗಟ್ಟಿ ಮೊಸರು 750 ಗ್ರಾಂ, ಸಕ್ಕರೆ ಪುಡಿ 20 ಗ್ರಾಂ, ಒಂದು ಲಿಂಬೆಯ ಹಸಿರು ಸಿಪ್ಪೆಯ ತುರಿ, ಹುರಿದು ಕುಟ್ಟಿದ ಪಿಸ್ತಾ ಒಂದು ಹಿಡಿ, ಒಂದು ದಾಳಿಂಬೆಯ ಕಾಳು.

ಮಾಡುವ ವಿಧಾನ

ಮೊಸರನ್ನು ಹಿಂದಿನ ದಿನವೇ ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೆ ಒಂದು ಪಾತ್ರೆಯ ಮೇಲೆ ತೂಗಿಸಿ. ಐದಾರು ಗಂಟೆಯಲ್ಲಿ ನೀರು ಇಳಿದು ಹೆಚ್ಚುಕಡಿಮೆ ಅರ್ಧದಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಕ್ರೀಮ್ ಯಾಕಲ್ಲ ಎಂದು ಕೇಳಬಹುದು. ಅಂಗಡಿಯ ಪೊಟ್ಟಣದ ತೆಳು ಕ್ರೀಮಿನಲ್ಲಿ ಕೊಬ್ಬಿನಂಶ ಕಮ್ಮಿ. ಅದನ್ನು ಎಷ್ಟು ಕಡೆದರೂ ಗಟ್ಟಿಯಾಗುವುದಿಲ್ಲ. ಕಡೆಯುವ ಕ್ರೀಮ್ ಬೇರೆಯೇ ಸಿಗುತ್ತದೆ, ಆದರೆ ನಮ್ಮ ಕರಾವಳಿಯ ಸೆಕೆಗೆ ಅದು ಮೇಜಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಟ್ಟಿದ ಮೊಸರಿನ ಸಣ್ಣ ಹುಳಿ ಸಿಹಿ ಕಮ್ಮಿಯಾದದ್ದನ್ನು ತೋರಗೊಡುವುದಿಲ್ಲ.

ಬೇಕಿಂಗ್ ಪೌಡರ್ ಹಳೆಯದಾಗಿದ್ದರೆ ಒಂದು ಚಮಚವನ್ನು ಬಿಸಿ ನೀರಿಗೆ ಹಾಕಿ ನೋಡಿ. ಬುಸುಬುಸು ನೊರೆ ಬಂದರೆ ಸರಿ, ಇಲ್ಲವಾದರೆ ಡಬ್ಬಿ ಬಿಸಾಡಿ. ಅದರಲ್ಲಿರುವುದು ಅಡಿಗೆ ಸೋಡಾ, ಒಣ ಹುಳಿಯ ಪುಡಿ ಮತ್ತು ಇವೆರಡು ಡಬ್ಬಿಯಲ್ಲೇ ಸೇರಿಬಿಡದಂತೆ ತೇವ ಹೀರಿಕೊಳ್ಳಲು ಜೋಳದ ಹಿಟ್ಟು. ಒದ್ದೆಯಾದಾಗ ಮತ್ತು ಬಿಸಿಯಾದಾಗ ಸೋಡಾ ಮತ್ತು ಹುಳಿ ಸೇರಿ ಗಾಳಿಗುಳ್ಳೆ ಏಳುತ್ತದೆ. ಅಡಿಗೆ ಸೋಡಾವನ್ನೇ ಇದರ ಬದಲಿಗೆ ಹಾಕಬೇಡಿ. ಹುಳಿಯಿಲ್ಲದೆ ಸೋಡಾ ಮಾತ್ರ ಬಿದ್ದರೆ ಕೇಕಿಗೆ ಸಾಬೂನಿನ ರುಚಿ ಬರುತ್ತದೆ.

ಆರು ಇಂಚಿನ ಎರಡು ಪಾತ್ರೆಗಳಿಗೆ ಬೆಣ್ಣೆ ಸವರಿ, ತಳಕ್ಕೆ ಬೆಣ್ಣೆ ಕಾಗದ ಹಾಸಿ. ಓವನನ್ನು 170 ಡಿಗ್ರಿಗೆ ಬಿಸಿ ಮಾಡಲು ಇಡಿ. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಎರಡು ಸಲ ಜರಡಿ ಹಿಡಿದು ಬಾದಾಮಿ ಪುಡಿ ಮತ್ತು ಏಲಕ್ಕಿ ಸೇರಿಸಿ. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆಣ್ಣೆ ಸಕ್ಕರೆಯನ್ನು ಐದಾರು ನಿಮಿಷ, ಬಣ್ಣ ಬಿಳಿಚಿ ಹಗುರವಾಗುವವರೆಗೆ ಚೆನ್ನಾಗಿ ಕಡೆಯಿರಿ. ಈ ಹೊತ್ತಿನಲ್ಲಿ ಬೆಣ್ಣೆಯೊಳಗೆ ಸೇರುವ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನೇ ಬೇಕಿಂಗ್ ಪೌಡರ್ ನಂತರ ದೊಡ್ಡದು ಮಾಡುವುದು. ಇಲ್ಲಿ ಅವಸರ ಮಾಡಿದರೆ ಮುಂದೆ ಏನು ಮಾಡಿದರೂ ಕೇಕ್ ಮಂದವೇ.

ಮೊಟ್ಟೆಯನ್ನು ಒಂದೊಂದಾಗಿ ಹಾಕಿ ಪ್ರತಿ ಸಲವೂ ಕಡೆಯಿರಿ. ಒಡೆದಂತೆ ಕಂಡರೆ ಒಂದು ಚಮಚ ಮೈದಾ ಸೇರಿಸಿ, ಕೂಡಿಕೊಳ್ಳುತ್ತದೆ. ನಂತರ ಹಿಟ್ಟನ್ನು ಹಾಕಿ ಸೌಟಿನಿಂದ ಮೆಲ್ಲಗೆ ಮಡಚಿದಂತೆ ಬೆರೆಸಿ, ಹಾಲು ಹಾಕಿ ಹದ ಮಾಡಿ. ಹಿಟ್ಟು ಹಾಕಿದ ಮೇಲೆ ಹೆಚ್ಚು ಕಡೆದರೆ ಮೈದಾ ಜಿಗುಟಾಗಿ ಕೇಕ್ ಗಟ್ಟಿಯಾಗುತ್ತದೆ. ಎರಡು ಪಾತ್ರೆಗಳಿಗೂ ಸಮನಾಗಿ ತೂಗಿ ಹಾಕಿ. 25 ನಿಮಿಷ ಬೇಯಿಸಿ. ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆರೆಯಬಾರದು. ನನ್ನ ಅನುಭವ ನಿಮಗೆ ಸಾಕು! ಸಣ್ಣ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ಓವನ್ ಇಲ್ಲದವರು ಬೇಸರಿಸಬೇಕಾಗಿಲ್ಲ. ದೊಡ್ಡ ಕುಕ್ಕರಿನ ತಳಕ್ಕೆ ಒಂದು ಲೋಟ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರ್ ಮತ್ತು ವೆಯ್ಟ್ ಎರಡನ್ನೂ ತೆಗೆದಿಡಬೇಕು. ನೀರು ಹಾಕಬಾರದು. ಹತ್ತು ನಿಮಿಷ ಬಿಸಿಯಾದ ಮೇಲೆ ಕೇಕಿನ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಒಂದೊಂದಾಗಿ ಬೇಯಿಸಿ. 35ರಿಂದ 40 ನಿಮಿಷ ಬೇಕಾಗುತ್ತದೆ. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೇನೂ ಕೊರತೆಯಿಲ್ಲ.

ಬೆಂದ ಕೇಕನ್ನು ಹತ್ತು ನಿಮಿಷದ ನಂತರ ಪಾತ್ರೆಯಿಂದ ತೆಗೆದು ಪೂರ್ತಿ ತಣಿಯಲು ಬಿಡಿ. ಎರಡು ಗಂಟೆಯಾದರೂ ಬೇಕು. ಬಿಸಿಯಿರುವಾಗ ಕೊಯ್ದರೆ ಪುಡಿಯಾಗುತ್ತದೆ, ಮೊಸರು ಹಾಕಿದರೆ ಕರಗಿ ಹರಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹಿಂದಿನ ರಾತ್ರಿ ಬೇಯಿಸಿ, ತಣಿದ ಮೇಲೆ ಡಬ್ಬಿಯಲ್ಲಿ ಮುಚ್ಚಿಟ್ಟು, ಮರುದಿನ ಜೋಡಿಸುವುದು.

ಪದರ ಕೊಯ್ಯಲು ದೊಡ್ಡ ಚೂರಿ ಬೇಡ. ಕೇಕಿನ ಸುತ್ತ ನಡುವಿಗೆ ಸಣ್ಣ ಗೆರೆ ಕೊಯ್ದು, ಆ ಗೆರೆಯಲ್ಲಿ ಹೊಲಿಗೆಯ ಗಟ್ಟಿ ನೂಲನ್ನು ಸುತ್ತಿ, ಎರಡು ತುದಿಗಳನ್ನು ಅಡ್ಡಹಾಯಿಸಿ ಎಳೆಯಿರಿ. ನೇರವಾಗಿ ಎರಡಾಗುತ್ತದೆ. ಎರಡು ಕೇಕಿನಿಂದ ನಾಲ್ಕು ಪದರ. ಕಟ್ಟಿದ ಮೊಸರಿಗೆ ಸಕ್ಕರೆ ಪುಡಿ ಮತ್ತು ಲಿಂಬೆ ಸಿಪ್ಪೆಯ ತುರಿ ಕಲಸಿ ನಾಲ್ಕು ಪಾಲು ಮಾಡಿ. ಪದರ, ಮೊಸರು, ಸ್ವಲ್ಪ ಪಿಸ್ತಾ. ಹೀಗೆ ಜೋಡಿಸುತ್ತಾ ಹೋಗಿ. ಎಲ್ಲಕ್ಕಿಂತ ಮೇಲೆ ದಾಳಿಂಬೆ ಕಾಳು. ನಿಮಗೆ ಹೃದಯದ ಆಕಾರ ಬೇಕಿದ್ದರೆ ಈ ಕಾಳುಗಳಲ್ಲೇ ಜೋಡಿಸಬಹುದು, ಕೆಂಪು ಬಣ್ಣದ ಬಾಟಲಿ ಬೇಡವೇ ಬೇಡ. ಏಲಕ್ಕಿಯ ಪರಿಮಳ ಇರುವುದರಿಂದ ಎಸೆನ್ಸ್ ಕೂಡ ಬೇಡ. ಹಾಕಲೇಬೇಕೆಂದಿದ್ದರೆ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ತನ್ನಿ. ಕೆಲವು ವೆನಿಲಾ ಸತ್ವಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಜೋಡಿಸಿದ ಕೇಕನ್ನು ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಸಕ್ಕರೆ ಕಮ್ಮಿಯಿರುವ ಕೇಕ್ ಬೇಗ ಒಣಗುತ್ತದೆ. ಬಾದಾಮಿ ಪುಡಿ ಸ್ವಲ್ಪ ತಡೆಯುತ್ತದೆ. ಆದರೂ ಎರಡು ದಿನದೊಳಗೆ ಮುಗಿಸಿ.

ಇದನ್ನು ಹತ್ತು ತುಂಡು ಮಾಡಿದರೆ ಒಂದರಲ್ಲಿ ಹಾಕಿದ ಸಕ್ಕರೆ 11 ಗ್ರಾಂ, ಎರಡು ಚಮಚಕ್ಕಿಂತ ಸ್ವಲ್ಪ ಹೆಚ್ಚು. ನಮ್ಮವರು ಒಂದು ತುಂಡು ತಿಂದರು. ಇನ್ನೊಂದು ಬೇಕೇ ಎಂದು ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ. ಆ ರಾತ್ರಿ ಅನ್ನ ಮಾಡಿರಲಿಲ್ಲ, ಮೀನು ಮತ್ತು ತರಕಾರಿ ಮಾತ್ರ. ‘ಹೋದ ವರ್ಷದ್ದು ಇದಕ್ಕಿಂತ ರುಚಿಯಿತ್ತು’ ಎಂದರು. ‘ಹೌದು’ ಎಂದೆ. ಇಬ್ಬರೂ ನಕ್ಕೆವು. ಈಗ ಮಾತ್ರೆಯ ಪಟ್ಟಿ ಅಡುಗೆಮನೆಯ ಕಪಾಟಿನಲ್ಲಿ, ಚಹಾಪುಡಿಯ ಡಬ್ಬಿಯ ಪಕ್ಕ ಎಲ್ಲರಿಗೂ ಕಾಣುವಂತೆ ಇದೆ.

ನನ್ನ ಹಳೆಯ ವಿದ್ಯಾರ್ಥಿನಿ ನಾಲ್ಕು ದಿನ ಬಿಟ್ಟು ಮತ್ತೆ ಫೋನ್ ಮಾಡಿದಳು. ದನಿಯಲ್ಲಿ ನಗುವಿತ್ತು.

‘ಕೇಳಿದೆ ಟೀಚರ್. ಅವರಿಗೆ ಕ್ರೀಮ್ ಆಗುವುದೇ ಇಲ್ಲವಂತೆ. ಹೊಟ್ಟೆ ಉಬ್ಬರಿಸ್ತದಂತೆ. ನಮ್ಮ ಮದುವೆಯ ದಿನ ಕೂಡ ಕ್ರೀಮ್ ಕೇಕ್ ತಿಂದು ರಾತ್ರಿಯಿಡೀ ಒದ್ದಾಡಿದ್ದಂತೆ. ನನಗೆ ಹೇಳಲಿಕ್ಕೆ ನಾಚಿಕೆಯಾಯ್ತಂತೆ!’

‘ಮತ್ತೆ?’

‘ಮತ್ತೆ ಅವರು, “ನಿನಗೆ ಎಂತ ಇಷ್ಟ?” ಅಂತ ಕೇಳಿದ್ರು. ಇಷ್ಟು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನನಗೆ ಬದನೆ ತಿಂದರೆ ಮೈಯೆಲ್ಲ ತುರಿಕೆ ಅಲ್ವಾ, ಅದೂ ಅವರಿಗೆ ಗೊತ್ತಿರಲಿಲ್ಲ. ಒಂದು ಗಂಟೆ ಮಾತಾಡಿದೆವು ಟೀಚರ್, ಬರೇ ಊಟದ ವಿಷಯ.’

ಅವಳಿಗೆ ಕ್ರೀಮ್ ಇಲ್ಲದ ಪದರದ ಕೇಕ್ ಹೇಳಿಕೊಟ್ಟೆ. ಹಾಲಿನದ್ದು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಗೊತ್ತಾಗುವವರೆಗೆ ಮೊಸರೂ ಬೇಡ ಎಂದೆ. ನಡುವೆ ಅನಾನಸಿನ ಜಾಮ್, ಸಕ್ಕರೆ ಅವಳಿಗಿಷ್ಟವಾದಷ್ಟು. ಅವರಿಗೆ ಇನ್ನೂ ಸಣ್ಣ ವಯಸ್ಸು, ಅಲ್ಲಾಹನು ಆರೋಗ್ಯವನ್ನು ಕೊಡಲಿ. ಅವನು ಬರುವ ದಿನಕ್ಕೆ ಇನ್ನು ಎರಡು ವಾರವಿದೆ. ಅಷ್ಟರೊಳಗೆ ಒಂದು ಸಲ ಮಾಡಿ ನೋಡು, ಇಪ್ಪತ್ತು ನಿಮಿಷ ಬಾಗಿಲು ತೆರೆಯಬೇಡ ಎಂದು ಹೇಳಿ ಫೋನ್ ಇಟ್ಟೆ. ತಿದ್ದಬೇಕಾದ ಪತ್ರಿಕೆಗಳು ಇನ್ನೂ ಹದಿನೆಂಟು ಬಾಕಿಯಿದ್ದವು.